ಒಳಕ್ಕೆ ಮಡಚಿದ ಬದಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಸಾಂಪ್ರದಾಯಿಕ ಉಡುಪುಗಳ ಮ್ಯೂಸಿಯಂನ ಅಧಿಕಾರಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ನಾಲ್ಕನೇ ಗಾಜಿನ ಪೆಟ್ಟಿಗೆಯಲ್ಲಿದ್ದ ಕೆಂಪು ಕಸೂತಿ ನಿಲುವಂಗಿ ಕಾಣೆಯಾಗಿತ್ತು. ಆ ಬಗೆಯ ಕಸೂತಿ ಹಾಕುವವರು ಈಗ ಯಾರೂ ಉಳಿದಿಲ್ಲ, ಇದ್ದದ್ದು ಅದೊಂದೇ ಎಂದರು. ಎಫ್‌ಐಆರ್ ದಾಖಲಾಯಿತು.

10.55ಕ್ಕೆ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋದರು. ಬೀಗ ಒಡೆದಿರಲಿಲ್ಲ. ಬೀಗದ ಕೈ ಕಚೇರಿಯ ಮೊಳೆಯಲ್ಲಿ ಎಂದಿನಂತೆ ನೇತಾಡುತ್ತಿತ್ತು. ಬೆರಳಚ್ಚು ಹುಡುಕಿದ ಹೆಡ್ ಕಾನ್‌ಸ್ಟೇಬಲ್ ಕೈಚೆಲ್ಲಿದ.

"ಒಳಗೂ ಹೊರಗೂ ಒರೆಸಿ ಫಳಫಳ ಮಾಡಿದಾನೆ ಸಾರ್. ಇಂಥ ಕಳ್ಳ ನಮ್ಮನೆಗೂ ಒಂದ್ಸಲ ಬಂದು ಹೋಗ್ಬಾರ್ದಾ?"

ಇನ್‌ಸ್ಪೆಕ್ಟರಿಗೆ ಬಂದ ನಗು ಅರ್ಧಕ್ಕೇ ನಿಂತಿತು. ಕಳ್ಳನಾದವನು ತಾನು ಮುಟ್ಟಿದಷ್ಟು ಜಾಗ ಒರೆಸುತ್ತಾನೆ. ಇಲ್ಲಿ ನಾಲ್ಕೂ ಮೂಲೆಯ ಧೂಳು ಹೋಗಿತ್ತು.

"ಇಲ್ಲಿ ಗಾಜು ಒರೆಸೋರು ಯಾರು?"

"ಕ್ಲೀನಿಂಗ್‌ನ ಹೆಂಗಸು ಒಬ್ಬರಿದಾರೆ. ಏಳಕ್ಕೆ ಬಂದು ಒಂಬತ್ತಕ್ಕೆ ಹೋಗ್ತಾರೆ." ಅಧಿಕಾರಿ ತಡವರಿಸಿದರು. "ಆ ಅಂಗಿ ಕೊಟ್ಟಿದ್ದೂ ಅವರೇ. ಅವರ ತಾಯಿದು."

"ಜಗಳ ಏನಾದ್ರೂ?"

"ಜಗಳ ಅಲ್ಲ. ಅದರ ಮೇಲೊಂದು ಕಲೆ ಇದೆ. ಒಗೆದು ಕೊಡ್ತೀನಿ ಅಂತ ಒಂದು ವರ್ಷದಿಂದ ನನ್ನ ಬೆನ್ನು ಬಿದ್ದಿದ್ರು. ಹಳೇ ಬಟ್ಟೆ ನೀರಿಗೆ ಹಾಕೋ ಹಾಗಿಲ್ಲ ಸಾರ್, ಬಣ್ಣ ಬಿಡುತ್ತೆ. ಆ ಕಲೆನೂ ಚರಿತ್ರೆನೇ ಅಲ್ವಾ?"

12.40ಕ್ಕೆ ಅಧಿಕಾರಿಯನ್ನೂ ಕರೆದುಕೊಂಡು ಇನ್‌ಸ್ಪೆಕ್ಟರ್ ಆಕೆಯ ಎರಡು ಕೋಣೆಯ ಮನೆ ತಲುಪಿದರು. ಹಿಂಬದಿಯ ನೆರಳಲ್ಲಿ, ಹಗ್ಗದ ಮೇಲೆ ನಿಲುವಂಗಿ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಸೋಡಾಪುಡಿಯ ಪೊಟ್ಟಣ, ಬಕೆಟ್ಟಿನ ತುಂಬ ಕೆಂಪು ನೀರು. ಕಸೂತಿಯ ಹೂಗಳು ಒಂದರೊಳಗೊಂದು ಕಲಸಿಹೋಗಿದ್ದವು. ಮ್ಯೂಸಿಯಂ ಅಧಿಕಾರಿ ಓಡಿಹೋಗಿ ತೊಟ್ಟಿಕ್ಕುತ್ತಿದ್ದ ಅಂಚಿಗೆ ಕರವಸ್ತ್ರ ಒಡ್ಡಿದರು.

"ಯಾಕಮ್ಮ ಹೀಗೆ ಮಾಡಿದ್ರಿ?" ಇನ್‌ಸ್ಪೆಕ್ಟರ್ ಆಕೆಯನ್ನು ಕೇಳಿದರು.

"ಇದನ್ನ ತೊಟ್ಕೊಂಡಿದ್ದಾಗ್ಲೇ ಅಮ್ಮ ದಾರಿಲಿ ನನ್ನ ಹೆತ್ಲು. ಸಾಯೋತನಕ ಆ ಬದಿ ಒಳಕ್ಕೆ ಮಡಚೇ ಇಡ್ತಿದ್ಲು. ನುಸಿ ತಿನ್ನದಿರ್ಲಿ ಅಂತ ನಾನೇ ಇವರಿಗೆ ಕೊಟ್ಟೆ. ಇವರು ಅದೇ ಬದಿ ಮುಂದೆ ಮಾಡಿ, ಲೈಟ್ ಹಾಕಿ, ಹೆರಿಗೆಯ ರಕ್ತ ಅಂತ ಚೀಟಿ ಬರೆದಿಟ್ರು. ಜನ ಮೂಗು ಮುಚ್ಕೊಂಡು ನಗ್ತಿದ್ರು ಸಾರ್. ದಿನಾ ಆ ಗಾಜು ಒರೆಸ್ತಿದ್ದೋಳು ನಾನು."

"ಹೇಳದೆ ತಗೊಂಡು ಬಂದಿದ್ದು ಕಳ್ಳತನ ಅಲ್ವಾ?"

"ನಾಳೆ ಬೆಳಿಗ್ಗೆ ವಾಪಸ್ ಇಡ್ತಿದ್ದೆ. ಬಣ್ಣ ಹೋದ್ರೆ ಹೋಗ್ಲಿ ಸಾರ್, ಅಮ್ಮನ ಮಾನ ಉಳೀತು. ನೋಡಿ, ಕಲೆ ಹೋಯ್ತು."

ಒದ್ದೆಯಲ್ಲಿ ಬಟ್ಟೆಯೆಲ್ಲ ಒಂದೇ ಕಪ್ಪುಗೆಂಪಾಗಿತ್ತು. ಕಲೆ ನಿಜಕ್ಕೂ ಕಾಣುತ್ತಿರಲಿಲ್ಲ.

1.30ಕ್ಕೆ ನೆರೆಯವರಿಬ್ಬರ ಸಮಕ್ಷಮ ಪಂಚನಾಮೆ ಮುಗಿಯಿತು. ಆಕೆಯನ್ನು ಬಂಧಿಸಲಾಯಿತು. ಇಡೀ ಕೇಸಿನಲ್ಲಿ ಬೈಯಲು ಒಬ್ಬ ಮನುಷ್ಯನಾದರೂ ಸಿಗಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರ್ ಸಂಕಟಪಟ್ಟರು.

ಒದ್ದೆ ಬಟ್ಟೆಯನ್ನು ಕಟ್ಟಿ ಸೀಲ್ ಹಾಕುವಂತಿಲ್ಲ. ಠಾಣೆಯ ಹಿಂದೆ ಒಣಹಾಕಿದರು. ಸಂಜೆ 5.10ಕ್ಕೆ ಇನ್‌ಸ್ಪೆಕ್ಟರ್ ನೋಡಲು ಹೋದಾಗ ಅದು ಗರಿಗರಿಯಾಗಿ ಒಣಗಿತ್ತು. ಹೂಗಳಿರಲಿಲ್ಲ, ಕೆಂಪಿರಲಿಲ್ಲ. ಬಿಳಿಚಿಕೊಂಡ ಬಟ್ಟೆಯ ನಡುವೆ ಕಲೆ ಮಾತ್ರ ಮೊದಲಿಗಿಂತ ಢಾಳಾಗಿ ಎದ್ದು ನಿಂತಿತ್ತು.

ಒಳಗಿನಿಂದ ಆಕೆ ಕೂಗಿ ಕೇಳಿದರು, "ಒಣಗಿತಾ ಸಾರ್?"

"ಇನ್ನೂ ಇಲ್ಲಮ್ಮ," ಎಂದ ಇನ್‌ಸ್ಪೆಕ್ಟರ್, ಆ ಬದಿಯನ್ನು ಒಳಕ್ಕೆ ಮಡಚಿದರು.