ನೊಣವಿಲ್ಲದ ಗುಂಡಿ

"ಯಾರೋ ನನ್ನ ಹೊಸ ತೊಟ್ಟಿನ ಕೊಂದುಬಿಟ್ಟಿದ್ದಾರೆ" ಎಂದಳು ಬಂದವಳು, ಕುರ್ಚಿಯಲ್ಲಿ ಕೂರುವ ಮೊದಲೇ.

ಕ್ಲಿಕ್ಕಣ್ಣನಿಗೆ ನಗು ತಡೆಯಲಾಗಲಿಲ್ಲ. ಅವನ ಫೋಟೋ ಅಂಗಡಿಗೆ ಬಗೆಬಗೆಯ ಗಿರಾಕಿಗಳು ಬಂದಿದ್ದರು. ಇದ್ದ ಮೂಗನ್ನು ಚಿಕ್ಕದು ಮಾಡಿಕೊಡಿ ಎಂದವರಿದ್ದರು, ಇಲ್ಲದ ಕೂದಲು ಬರಿಸಿಕೊಡಿ ಎಂದವರಿದ್ದರು. ತೊಟ್ಟಿ ಸತ್ತಿತೆಂದು ಕಣ್ಣೀರು ತುಂಬಿಕೊಂಡು ಬಂದವಳು ಇವಳೊಬ್ಬಳೇ. ನಗು ಮುಚ್ಚಿಕೊಳ್ಳಲು ಅವನು ಕ್ಯಾಮೆರಾ ಒರೆಸುವ ನಾಟಕ ಹೂಡಿದ.

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಅವನ ಭಾವ ಮಾತ್ರ ನಗಲಿಲ್ಲ. ಭಾವ ಎಂದರೆ ಅಕ್ಕನ ಗಂಡ. ವಿಮಾ ಕಂಪನಿಯಲ್ಲಿ ಸುಳ್ಳು ನಿಜಗಳನ್ನು ಬೇರ್ಪಡಿಸುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾದ ಮೇಲೆ ದಿನವಿಡೀ ಮೈದುನನ ಅಂಗಡಿಯಲ್ಲಿ ಠಿಕಾಣಿ ಹೂಡಿ, ಊರಿನವರು ತರುವ ಗಂಟುಗಳನ್ನು ಬಿಡಿಸುತ್ತಿದ್ದರು. ಎಂದೋ ಹಿಡಿದ ನೆಗಡಿ ಅವರ ವಾಸನೆಯ ಶಕ್ತಿಯನ್ನೇ ಹೊತ್ತುಕೊಂಡು ಹೋಗಿತ್ತು. ಹಾಗಾಗಿ ಊರಿನ ಬಾಯಲ್ಲಿ ಅವರು ನೆಗಡಿ ಸಾಹೇಬರು.

"ಕೂತ್ಕೊಳ್ಳಿ" ಎಂದರು ಸಾಹೇಬರು. "ತೊಟ್ಟಿಗೆ ಜೀವ ಇತ್ತಾ?"

"ಇತ್ತು" ಎಂದಳು ಅವಳು. ಊರಾಚೆಯ ಗ್ಯಾಸ್ ಘಟಕದ ಮೇಲ್ವಿಚಾರಕಿ ಅವಳು. ಮಾರುಕಟ್ಟೆಯ ಕೊಳೆತ ತರಕಾರಿ, ಹೋಟೆಲುಗಳ ಎಂಜಲು ಎಲ್ಲವೂ ಅಲ್ಲಿಗೆ ಹೋಗಿ, ಅರೆದು, ಗಾಳಿಯಾಡದ ದೊಡ್ಡ ತೊಟ್ಟಿಯಲ್ಲಿ ಕೊಳೆತು, ಉರಿಯುವ ಗ್ಯಾಸ್ ಆಗುತ್ತಿತ್ತು. "ಹಾಲಿಗೆ ಹೆಪ್ಪು ಹಾಕ್ತೀವಲ್ಲ ಸಾರ್, ಹಾಗೆ. ಕಣ್ಣಿಗೆ ಕಾಣದ ಜೀವಿಗಳು ಕಸ ತಿಂದು ಗ್ಯಾಸ್ ಬಿಡುತ್ವೆ. ಹಳೇ ತೊಟ್ಟಿಯಿಂದ ಆಸ್ಪತ್ರೆ ಅಡುಗೆಮನೆ ನಡೀತಿದೆ. ಈಗ ಎರಡನೇದು ಕಟ್ಟಿದ್ವಿ, ಪಕ್ಕದ ಬೀದಿಯ ಮನೆಗಳಿಗೆಲ್ಲ ಕೊಡೋಣ ಅಂತ. ಹಳೇದರಿಂದ ಹೆಪ್ಪು ತಂದು ಹಾಕಿದೆ. ನೀಲಿ ಉರಿ ಬಂತು. ಆಮೇಲೆ ದಿನೇ ದಿನೇ ಇಳಿದು, ಈಗ ಒಂದು ಬೆಂಕಿಕಡ್ಡಿಯಷ್ಟೂ ಇಲ್ಲ."

"ಕಸ ಬೇರೆ ಬೇರೆನಾ?"

"ಒಂದೇ ಕಸ, ಒಂದೇ ಯಂತ್ರ. ಹಳೇದು ಗಟ್ಟಿಮುಟ್ಟಾಗಿದೆ, ಹೊಸದು ಸತ್ತಿದೆ. ಅನುಮಾನ ಬಂದು ಹೊಸದಕ್ಕೆ ಕಸ ಹೋಗೋ ಗುಂಡಿಗೆ ಬೀಗನೂ ಹಾಕಿದೆ. ಕೀಲಿ ನನ್ನ ಕೊರಳಲ್ಲೇ ಇದೆ. ಆದ್ರೂ ಚೇತರಿಸಿಕೊಳ್ಳಲಿಲ್ಲ." ಅವಳು ಕೀಲಿ ಎತ್ತಿ ತೋರಿಸಿದಳು. "ನಾಳೆ ಬೆಳಿಗ್ಗೆ ನಗರಸಭೆಯ ಸಮಿತಿ ಬರ್ತಿದೆ. ಯಾಕೆ ಹೀಗಾಯ್ತು ಅಂತ ಹೇಳದಿದ್ರೆ ಹೊಸ ತೊಟ್ಟಿ ಮುಚ್ಚಿಸ್ತಾರೆ. ಒಂದ್ಸಲ ಮುಚ್ಚಿದ್ರೆ ಈ ಊರಲ್ಲಿ ಮತ್ಯಾರೂ ಕಟ್ಟೋಕೆ ಬಿಡಲ್ಲ. ನಾನು ಅದಕ್ಕಾಗಿ ಎಷ್ಟು ಬಾಗಿಲು ತಟ್ಟಿದ್ದೀನಿ ಅಂತ ನನಗೇ ಗೊತ್ತು."

ಭಾವ ಪತ್ರಿಕೆ ಮಡಿಸಿದರು. ಅವರು ಪತ್ರಿಕೆ ಮಡಿಸಿದರೆ ಅಂಗಡಿಗೆ ಬಾಗಿಲು ಹಾಕಬೇಕೆಂದು ಕ್ಲಿಕ್ಕಣ್ಣನಿಗೆ ಗೊತ್ತಿತ್ತು.

ಘಟಕದ ಗೇಟು ಇನ್ನೂ ದೂರದಲ್ಲಿರುವಾಗಲೇ ಕ್ಲಿಕ್ಕಣ್ಣ ತನ್ನ ಹೊಸ ನೀಲಿ ಕರವಸ್ತ್ರಕ್ಕೆ ಅತ್ತರು ಸುರಿದು ಮೂಗಿಗೆ ಬಿಗಿದುಕೊಂಡ. ಭಾವ ಮಾತ್ರ ತೋಟದಲ್ಲಿ ಅಡ್ಡಾಡುವವರ ಹಾಗೆ ನಡೆದರು. ಅಂಗಳದಲ್ಲಿ ಎರಡು ದುಂಡನೆಯ ತೊಟ್ಟಿಗಳು, ಎರಡಕ್ಕೂ ರಬ್ಬರಿನ ಮುಚ್ಚಳ. ಹಳೆಯದರ ಮುಚ್ಚಳ ಗ್ಯಾಸ್ ತುಂಬಿ ಉಬ್ಬಿತ್ತು. ಹೊಸದರದು ಜೋತುಬಿದ್ದಿತ್ತು.

ಪ್ರತಿ ತೊಟ್ಟಿಯ ಪಕ್ಕಕ್ಕೂ ಅರೆದ ಕಸ ಬಂದು ಬೀಳುವ ಒಂದು ಗುಂಡಿ. ಹಳೆಯ ಗುಂಡಿಯ ಫೋಟೋ ತೆಗೆಯಹೋದರೆ ನೊಣಗಳು ಕ್ಯಾಮೆರಾದ ಮೇಲೂ ಕ್ಲಿಕ್ಕಣ್ಣನ ಕಿವಿಯ ಮೇಲೂ ಸಭೆ ಸೇರಿದವು. ಹೊಸ ಗುಂಡಿಯ ಜಾಲರಿ ಮುಚ್ಚಳದ ಬಳಿ ಅವನು ಹಾಯಾಗಿ ಕೂತು ಬೇಕಾದಷ್ಟು ಫೋಟೋ ತೆಗೆದ.

"ಕಸಕ್ಕೆ ನೀರು ಬೆರೆಸ್ತೀರಾ?" ಭಾವ ಕೇಳಿದರು.

"ಬೆರೆಸಲೇಬೇಕು, ಗಂಜಿ ಹದಕ್ಕೆ. ಹಳೇದಕ್ಕೆ ಬಾವಿ ನೀರು. ಹೊಸದಕ್ಕೆ ಬಳಸಿದ ನೀರೇ ಸಾಕು ಅಂತ ಮೋರಿಗಳನ್ನೆಲ್ಲ ಇತ್ತ ತಿರುಗಿಸಿದ್ದೀನಿ. ಲಾರಿ ತೊಳೆದದ್ದು, ಅಂಗಳ ತೊಳೆದದ್ದು, ನಮ್ಮನೆ ಬಚ್ಚಲಿಂದು, ಎಲ್ಲ. ಸ್ವಲ್ಪ ಸೋಪಿನ ನೀರು ಹೋದ್ರೆ ತೊಟ್ಟಿಗೆ ಏನೂ ಆಗಲ್ಲ, ಅದನ್ನ ಮೊದಲೇ ಪರೀಕ್ಷೆ ಮಾಡಿದ್ದೆ. ಇಲ್ಲಿಂದ ಒಂದು ಹನಿ ನೀರೂ ಆಚೆ ಹೋಗಲ್ಲ ಸಾರ್." ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ಮುಖದಲ್ಲಿ ಹೆಮ್ಮೆ ಕಂಡಿತು.

"ನಿಮಗೆ ಯಾರ ಮೇಲೆ ಅನುಮಾನ?"

ಅವಳು ಕಾಂಪೌಂಡಿನಾಚೆಯ ಮಹಡಿ ಮನೆಯತ್ತ ಕಣ್ಣು ಹಾಯಿಸಿದಳು. ಅಲ್ಲಿ ನಿವೃತ್ತ ಹೆಡ್‌ಮಾಸ್ಟರು ಗಿಡಗಳಿಗೆ ನೀರು ಹಾಕುತ್ತಿದ್ದರು. "ಅವರಿಗೂ ಈ ಘಟಕಕ್ಕೂ ಎಣ್ಣೆ ಸೀಗೇಕಾಯಿ. ದಿನಾ ಬೆಳಿಗ್ಗೆ ಮಹಡಿ ಮೇಲೆ ನಿಂತು, ನಾತ ನಾತ ಅಂತ ಬಾಯಿ ಮಾಡ್ತಿದ್ರು. ಸಮಿತಿಗೆ ಅರ್ಜಿ ಕೊಡ್ತೀನಿ ಅಂತಿದ್ರು. ಹೊಸ ತೊಟ್ಟಿ ಸೊರಗೋಕೆ ಶುರುವಾದಾಗಿಂದ ತುಟಿಪಿಟಿಕ್ ಅಂದಿಲ್ಲ. ಇನ್ನೊಬ್ಬ ಸಿಲಿಂಡರ್ ಅಂಗಡಿಯವನು. ಬೀದಿಗೆ ನಮ್ಮ ಗ್ಯಾಸ್ ಬಂದ್ರೆ ಅವನ ವ್ಯಾಪಾರ ನೆಲಕಚ್ಚುತ್ತೆ. ಹಿಂದಿನ ಗೇಟ್ ಹತ್ರ ಸ್ಕೂಟರ್ ಮೇಲೆ ಚೀಲ ಇಟ್ಕೊಂಡು ಓಡಾಡೋದನ್ನ ನನ್ನ ಡ್ರೈವರ್ ನೋಡಿದ್ದಾನೆ."

ಕ್ಲಿಕ್ಕಣ್ಣನ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು. ಚೀಲ, ಸ್ಕೂಟರು, ಹಿಂದಿನ ಗೇಟು. ಇನ್ನೇನು ಬೇಕು ಎಂದುಕೊಂಡ.

ಅವಳ ಮನೆ ಕಾಂಪೌಂಡಿನೊಳಗೇ ಇತ್ತು. ಗಂಡನಿಗೆ ದೂರದ ಗಣಿಯಲ್ಲಿ ಕೆಲಸ. ಇಲ್ಲಿ ಅತ್ತೆ ಸೊಸೆ ಇಬ್ಬರೇ. ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು, ಅಷ್ಟು ಥಳಥಳ. ಅತ್ತೆ ಚಹಾ ತಂದಿಟ್ಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅವರು ತೊಟ್ಟಿದ್ದ ಬಟ್ಟೆಯಲ್ಲಿ ಮೊಣಕಾಲಿನ ಕೆಳಗೆ ಅಲ್ಲಲ್ಲಿ ಬಣ್ಣ ಹಾರಿಹೋಗಿತ್ತು. ಇಷ್ಟು ದೊಡ್ಡ ಹುದ್ದೆಯ ಸೊಸೆ ಅತ್ತೆಗೊಂದು ನೆಟ್ಟಗಿನ ಬಟ್ಟೆ ಕೊಡಿಸಬಾರದೇ ಎಂದು ಕ್ಲಿಕ್ಕಣ್ಣನಿಗೆ ಒಳಗೊಳಗೇ ಸಿಟ್ಟು ಬಂತು.

"ಹೊಸ ತೊಟ್ಟಿ ವಿಷಯ ನಿಮಗೆ ಏನನ್ಸುತ್ತೆ ಅಮ್ಮ?" ಭಾವ ಕೇಳಿದರು.

"ಚಹಾ ಕುಡಿಯೋವಾಗ ಕಸದ ಮಾತು ಬೇಡ" ಎಂದರು ಅತ್ತೆ ಮುಖ ಗಂಟಿಕ್ಕಿಕೊಂಡು. "ಈ ಹೊಸ್ತಿಲಿನ ಒಳಗೆ ಆ ಮಾತೇ ಬೇಡ ಅಂತ ಇವಳಿಗೂ ಬಂದ ದಿನವೇ ಹೇಳಿದ್ದೀನಿ."

"ಅದಕ್ಕೇ ನಾನು ಮನೇಲಿ ಕೆಲಸದ ವಿಷಯ ಎತ್ತೋದೇ ಇಲ್ಲ" ಎಂದಳು ಸೊಸೆ, ಚಹಾದ ಲೋಟ ನೋಡುತ್ತಾ.

ಅಲ್ಲಿಂದ ಸಿಲಿಂಡರ್ ಅಂಗಡಿಗೆ ಹೋದರು. ಅಲ್ಲಿ ಸಿಲಿಂಡರಿನ ಜೊತೆಗೆ ಪೊರಕೆ, ಬಕೆಟ್ಟು, ಬಲ್ಬು ಎಲ್ಲ ಸಿಗುತ್ತಿತ್ತು. ಹಿಂದಿನ ಗೇಟಿನ ಮಾತೆತ್ತುತ್ತಲೇ ಅಂಗಡಿಯವನು ಬೆವರಿದ.

"ನಾನು ಯಾರಿಗೂ ಕೇಡು ಮಾಡಿಲ್ಲ ಸಾಹೇಬ್ರೆ. ಹೇಳಲ್ಲ ಅಂತ ಒಬ್ಬರಿಗೆ ಮಾತು ಕೊಟ್ಟಿದ್ದೀನಿ, ಅಷ್ಟೇ."

"ಮಾತು ಉಳಿಸ್ಕೊಳ್ಳಿ. ನಾಳೆ ಬೆಳಿಗ್ಗೆ ಘಟಕಕ್ಕೆ ಮಾತ್ರ ಬನ್ನಿ" ಎಂದು ಭಾವ ಹೊರಟೇಬಿಟ್ಟರು.

"ಅವನನ್ನ ಹಾಗೇ ಬಿಟ್ರಲ್ಲ ಭಾವ? ಕಳ್ಳ ಕೈಗೇ ಸಿಕ್ಕಿದ್ದ" ಎಂದು ಕ್ಲಿಕ್ಕಣ್ಣ ದಾರಿಯುದ್ದಕ್ಕೂ ಗೊಣಗಿದ.

"ನಿನ್ನ ಕರವಸ್ತ್ರ ಕೊಡು" ಎಂದರು ಭಾವ. ಅದನ್ನು ತೆಗೆದುಕೊಂಡು ಅವರೊಬ್ಬರೇ ಘಟಕದತ್ತ ಮರಳಿ ಹೋದರು. ಅತ್ತರಿನ ಕರವಸ್ತ್ರದಿಂದ ವಾಸನೆ ಬಾರದ ಮನುಷ್ಯನಿಗೆ ಏನು ಕೆಲಸವೋ ಕ್ಲಿಕ್ಕಣ್ಣನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಘಟಕದ ಕಚೇರಿಯಲ್ಲಿ ಎಲ್ಲರೂ ಸೇರಿದರು. ಸಮಿತಿಯ ಅಧ್ಯಕ್ಷೆ, ಅವರ ಹಿಂದೆ ಇಬ್ಬರು ಸದಸ್ಯರು, ಬಾಗಿಲ ಬಳಿ ಹೆಡ್‌ಮಾಸ್ಟರು, ಬೆವರೊರೆಸಿಕೊಳ್ಳುತ್ತಾ ಸಿಲಿಂಡರಿನವನು. ಭಾವನ ಒತ್ತಾಯಕ್ಕೆ ಅತ್ತೆಯೂ ಬಂದು ಕಿಟಕಿಯ ಪಕ್ಕ ಕೂತರು. ಮೇಲ್ವಿಚಾರಕಿ ಕೂರದೆ ಮೇಜಿನ ಪಕ್ಕ ನಿಂತಳು.

"ಬೀಗ ಹಾಕಿದ ಗುಂಡಿಗೆ ವಿಷ ಹೇಗೆ ಹೋಯ್ತು ಅನ್ನೋದು ಪ್ರಶ್ನೆ" ಎಂದು ಶುರುಮಾಡಿದರು ಭಾವ. "ಮುಚ್ಚಳದಿಂದ ಹೋಗಿಲ್ಲ, ಕ್ಲಿಕ್ಕಣ್ಣನ ಫೋಟೋಗಳಲ್ಲಿ ಜಾಲರಿ ಮೇಲೆ ಏನೂ ಸುರಿದ ಗುರುತಿಲ್ಲ. ಕಸದ ಜೊತೆನೂ ಹೋಗಿಲ್ಲ, ಅದೇ ಕಸ ತಿಂದು ಹಳೇ ತೊಟ್ಟಿ ಚೆನ್ನಾಗಿದೆ. ಹೊಸ ತೊಟ್ಟಿಗೆ ಮಾತ್ರ ಹೋಗೋದು ಒಂದೇ. ಮೋರಿ ನೀರು. ಹಾಗಾದ್ರೆ ಆ ನೀರಲ್ಲಿ ಏನಿತ್ತು? ನಮ್ಮ ಕ್ಲಿಕ್ಕಣ್ಣ ಹಳೇ ಗುಂಡಿ ಹತ್ರ ನೊಣ ಓಡಿಸಿ ಓಡಿಸಿ ಸುಸ್ತಾದ. ಹೊಸದರ ಹತ್ರ ಹಾಯಾಗಿ ಕೂತಿದ್ದ. ಕೊಳೆತ ಕಸದ ಮೇಲೆ ನೊಣ ಕೂರ್ತಿಲ್ಲ ಅಂದ್ರೆ ಅಲ್ಲಿ ಜೀವ ತೆಗೆಯೋದು ಏನೋ ಇದೆ."

ಕ್ಲಿಕ್ಕಣ್ಣ ನಾಲಿಗೆ ಕಚ್ಚಿಕೊಂಡ. ಘಟಕದವರ ಮೂಗು ನಾತಕ್ಕೆ ಒಗ್ಗಿಹೋಗಿತ್ತು, ಭಾವನಿಗೆ ವಾಸನೆಯೇ ಇಲ್ಲ, ಉಳಿದ ಒಂದು ಮೂಗು ತನ್ನದು, ಅದಕ್ಕೂ ತಾನೇ ಅತ್ತರಿನ ಬಟ್ಟೆ ಕಟ್ಟಿಕೊಂಡಿದ್ದ.

"ಇನ್ನು ಮೇಷ್ಟ್ರು. ಅವರು ಸುಮ್ಮನಾದದ್ದು ತಪ್ಪು ಮಾಡಿದ್ದಕ್ಕೆ ಅಂತ ಎಲ್ಲರೂ ತಿಳ್ಕೊಂಡ್ರು. ನಾತ ನಿಂತಿದ್ದಕ್ಕೆ ಸುಮ್ಮನಾಗಿರಬಹುದು ಅಂತ ಯಾರಿಗೂ ಹೊಳೀಲಿಲ್ಲ. ನೊಣ ಇಲ್ಲ, ನಾತ ಇಲ್ಲ, ತೊಟ್ಟಿಯಲ್ಲಿ ಜೀವ ಇಲ್ಲ. ಮೂರನ್ನೂ ಮಾಡೋದು ಒಂದೇ ವಸ್ತು." ಭಾವ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಹರಡಿದರು. ನೀಲಿ ಬಟ್ಟೆಯಲ್ಲೆಲ್ಲ ಬಿಳಿಯ ತೇಪೆಗಳು ಎದ್ದಿದ್ದವು. "ನಿನ್ನೆ ಸಂಜೆ ಇದನ್ನ ಮನೆ ಕಡೆಯಿಂದ ಬರೋ ಮೋರಿ ಬಾಯಿಗೆ ಕಟ್ಟಿದ್ದೆ, ಈಗ ಬಿಚ್ಚಿ ತಂದೆ. ಬಣ್ಣ ತಿಂದದ್ದು ಬ್ಲೀಚಿಂಗ್ ಪುಡಿ. ಇಂಥದೇ ಕಲೆ ನಿನ್ನೆ ಒಬ್ಬರ ಬಟ್ಟೆ ಮೇಲೂ ನೋಡಿದ್ದೆ."

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆ ನೆಲ ನೋಡುತ್ತಿದ್ದರು.

"ಪುಡಿ ತಂದುಕೊಡ್ತಿದ್ದದ್ದು ನಾನೇ" ಎಂದ ಸಿಲಿಂಡರಿನವನು ಮೆಲ್ಲಗೆ. "ಸೊಸೆಗೆ ತಿಳೀಬಾರದು ಅಂದ್ರು. ನೆಲ ತೊಳೆಯೋಕೆ ತಾನೆ ಅಂತ ನಾನೂ ಬಾಯಿಗೆ ಬೀಗ ಹಾಕ್ಕೊಂಡೆ."

"ನನಗೂ ಮಾತು ಕೊಟ್ಟಿದ್ರು" ಎಂದು ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಅರ್ಜಿ ಕೊಡಬೇಡಿ, ಇನ್ಮೇಲೆ ನಾತ ಬರದ ಹಾಗೆ ನಾನು ನೋಡ್ಕೋತೀನಿ ಅಂತ ನಮ್ಮ ಮೆಟ್ಟಿಲ ಹತ್ರ ಬಂದು ಕೇಳ್ಕೊಂಡ್ರು. ಆ ಮೋರಿ ನಮ್ಮ ಗೋಡೆಗೆ ಒತ್ತಿಕೊಂಡೇ ಹೋಗೋದು."

ಅತ್ತೆ ಎದ್ದು ನಿಂತರು. "ದಿನಾ ಇವಳು ಅತ್ತ ಹೋಗುತ್ಲೇ ಬಕೆಟ್‌ಗಟ್ಟಲೆ ಕಲಸಿ ಅಂಗಳಕ್ಕೂ ಮೋರಿಗೂ ಸುರೀತಿದ್ದೆ. ಮೋರಿ ಬೀದಿ ಚರಂಡಿಗೆ ಹೋಗುತ್ತೆ ಅಂದ್ಕೊಂಡಿದ್ದೆ. ನಾವು ಇಲ್ಲಿಗೆ ಬಂದಾಗ ಅಲ್ಲಿಗೇ ಹೋಗ್ತಿತ್ತು. ತಿರುಗಿಸಿದ್ದು ನನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಘಟಕದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಆ ಒಂದು ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ದಾಟಬಾರದೆಂದು ಹೇಳಿದವರು ಅವರೇ ಎಂಬುದು ಅವರಿಗೂ ಆಗಲೇ ಹೊಳೆದಿರಬೇಕು, ಅವರ ದನಿ ಕುಗ್ಗಿತು.

"ಅಧ್ಯಕ್ಷರೇ, ತೊಟ್ಟಿ ಕೊಂದವಳು ನಾನು. ಶಿಕ್ಷೆ ಏನಿದ್ರೂ ನನಗೆ ಕೊಡಿ. ಇವಳ ಕೆಲಸ ನಿಲ್ಲಿಸಬೇಡಿ. ನಾತದ ನೆಪ ಇಟ್ಕೊಂಡು ಯಾರೂ ಇವಳ ಕೆಲಸ ಕೆಡಿಸಬಾರದು ಅಂತಲೇ ನಾನು ಅದನ್ನ ಸುರಿದದ್ದು."

ಸೊಸೆ ಹೋಗಿ ಅತ್ತೆಯ ಕೈ ಹಿಡಿದು ತಿರುಗಿಸಿ ನೋಡಿದಳು. ಅಂಗೈಯ ಚರ್ಮ ಬಿರಿದು ಕೆಂಪಾಗಿತ್ತು. "ನನಗೆ ತುಂಬ ಸಿಟ್ಟು ಬಂದಿದೆ ಅತ್ತೆ" ಎಂದಳು. "ಎಷ್ಟು ಅಂತ ಹೇಳೋಕಾಗಲ್ಲ. ಆದ್ರೆ ನಾನು ಮಾಡೋ ಕೆಲಸ ಕಂಡ್ರೆ ನಿಮಗೆ ಹೇಸಿಗೆ ಅಂದ್ಕೊಂಡಿದ್ದೆ ಇಷ್ಟು ದಿನ." ಬಿರಿದ ಅಂಗೈಯನ್ನು ತನ್ನ ಅಂಗೈಯಿಂದ ಮುಚ್ಚಿದಳು. ಆಮೇಲೂ ಆ ಕೈ ಬಿಡಲಿಲ್ಲ.

ಅಧ್ಯಕ್ಷೆ ಮೇಜಿನ ಮೇಲಿನ ಕರವಸ್ತ್ರ ಮಡಿಸಿಟ್ಟು, "ಸತ್ತ ತೊಟ್ಟಿ ಮತ್ತೆ ಬದುಕುತ್ತಾ?" ಎಂದು ಕೇಳಿದರು.

ಮೇಲ್ವಿಚಾರಕಿ ಕಣ್ಣೊರೆಸಿಕೊಂಡಳು. "ಬದುಕುತ್ತೆ. ಒಳಗಿರೋದನ್ನ ಹೊರಗೆ ತೆಗೆದು, ಹಳೇದರಿಂದ ಮತ್ತೆ ಹೆಪ್ಪು ಹಾಕಿ, ಎಳೇ ಮಗೂಗೆ ಉಣಿಸಿದ ಹಾಗೆ ಸ್ವಲ್ಪ ಸ್ವಲ್ಪ ಕಸ ಕೊಡ್ತೀನಿ. ಕಾರಣ ತಿಳೀದೆ ಇದ್ದಿದ್ರೆ ಎಷ್ಟು ಸಲ ಹಾಕಿದ್ರೂ ಸಾಯ್ತಿತ್ತು. ಇನ್ನು ನಾತದ ವಿಷಯ. ಮೋರಿ ಮುಚ್ಚಿ ಕೊಳವೆ ಹಾಕಿಸ್ತೀನಿ, ಗುಂಡಿಗೂ ಗಾಳಿಯಾಡದ ಮುಚ್ಚಳ ಮಾಡಿಸ್ತೀನಿ. ಅದನ್ನ ನಾನು ಮೊದಲೇ ಮಾಡಬೇಕಿತ್ತು. ಮೇಷ್ಟ್ರು ಕೂಗಿದ್ದರಲ್ಲಿ ನ್ಯಾಯ ಇತ್ತು."

"ಹಾಗಾದ್ರೆ ಮುಚ್ಚೋ ಮಾತಿಲ್ಲ. ಉರಿ ಬಂದ ದಿನ ಹೇಳಿ ಕಳಿಸಿ" ಎಂದು ಅಧ್ಯಕ್ಷೆ ಎದ್ದರು. ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು, ಮೊದಲ ಗ್ಯಾಸ್ ಕೊಳವೆಯನ್ನು ತಮ್ಮ ಮನೆಗೇ ಎಳೆಯಬೇಕು, ಸರಿಯಿದೆಯೋ ಇಲ್ಲವೋ ತಾವೇ ನೋಡಬೇಕು ಎಂದರು. ಅವರು ಬಿಗುಮಾನ ಬಿಟ್ಟುಕೊಡದೆ ಒಪ್ಪಿಕೊಂಡ ರೀತಿಗೆ ಕ್ಲಿಕ್ಕಣ್ಣನಿಗೆ ನಗು ಬಂತು.

ಹೊಸ ತೊಟ್ಟಿಯ ಮುಚ್ಚಳ ನಿಧಾನವಾಗಿ ಉಬ್ಬುತ್ತಾ ಬಂದು, ಒಂದು ದಿನ ಹೆಡ್‌ಮಾಸ್ಟರ ಅಡುಗೆಮನೆಯಲ್ಲಿ ಒಲೆ ಹೊತ್ತಿಸಲು ಬೀದಿಯೇ ಸೇರಿತು. ಭಾವನೂ ಕ್ಲಿಕ್ಕಣ್ಣನೂ ಹೋಗಿದ್ದರು. ಮೇಲ್ವಿಚಾರಕಿ ಸ್ಪಾನರ್ ಹಿಡಿದು ಹಿತ್ತಲಲ್ಲಿ ಕೊಳವೆಯ ಕೀಲು ಬಿಗಿಮಾಡುತ್ತಿದ್ದಳು. ಒಳಗೆ ಉರಿ ಹತ್ತಿತು. ಜನರೆಲ್ಲ ಒಲೆಯ ಮೇಲೆ ಬಗ್ಗಿದರು.

ಬೀದಿಗೆ ಹೊಸದಾಗಿ ಬಂದಿದ್ದ ಬಾಡಿಗೆಯವಳೊಬ್ಬಳು, "ಇದು ಎಲ್ಲಿಂದ ಬರೋ ಗ್ಯಾಸು?" ಎಂದು ಕೇಳಿದಳು.

"ನಮ್ಮನೆಯಿಂದ" ಎಂದರು ಅತ್ತೆ, ಇಡೀ ಬೀದಿಗೆ ಕೇಳುವ ಹಾಗೆ. "ನೀವು ಎಸೆದ ಕಸದಿಂದ ಮಾಡಿದ್ದು. ಮಾಡಿದವಳು ನನ್ನ ಸೊಸೆ."

ಹಿತ್ತಲಲ್ಲಿ ಸ್ಪಾನರ್ ಕೆಳಗೆ ಬಿದ್ದ ಸದ್ದಾಯಿತು. ಕ್ಲಿಕ್ಕಣ್ಣ ಇಣುಕಿ ನೋಡಿದ. ಮೇಲ್ವಿಚಾರಕಿ ಮೆಟ್ಟಿಲ ಮೇಲೆ ಕೂತು, ಮಸಿಯಾದ ಕೈಗಳಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಅವನು ಫೋಟೋ ತೆಗೆಯಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಒಳಗೆ ಬಂದ.