ಈ ಮನೆ ಮಾತ್ರ ಬೇಡ ಸ್ವಾಮೀ!

"ನೀರಾ? ಈ ಬೀದೀಲಾ?" ದರ್ಜಿ ಮಾಮ ಹೊಲಿಗೆ ಮಷೀನ್ ನಿಲ್ಲಿಸಿ ಜೋರಾಗಿ ನಕ್ಕುಬಿಟ್ಟರು. "ಮೂರು ದಿನಕ್ಕೊಂದ್ಸಲ ಬರುತ್ತೆ ಸ್ವಾಮೀ. ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ನಲ್ಲಿ ತಿರುಗಿಸಿದ್ರೆ ಬರೀ ಕೆಮ್ಮುತ್ತೆ."

ಅಪ್ಪನ ಮುಖ ಸಪ್ಪಗಾಯಿತು. ಚೂಟಿ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಚೂಟಿ ಅನ್ನೋದು ಸ್ಕೂಲಿನ ಹೆಸರಲ್ಲ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಮನೆಯವರು ಇಟ್ಟ ಹೆಸರು. ಈಗ ಐದನೇ ಕ್ಲಾಸು. ಅಷ್ಟರಲ್ಲೇ ನಾಲ್ಕು ಬಾಡಿಗೆ ಮನೆ, ಮೂರು ಸ್ಕೂಲು ಆಗಿಹೋಗಿದೆ. ಈಗಿನ ಮನೆಯ ಓನರ್ ಆಂಟಿಯಂತೂ, ಅಬ್ಬಬ್ಬಾ! ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಸ್ಕಿಪ್ಪಿಂಗ್ ಆಡೋ ಹಾಗಿಲ್ಲ. ಜೋರಾಗಿ ಸೀನಿದರೂ ಕೆಳಗಿಂದ "ಯಾರದು?" ಅಂತ ಕೂಗು ಬರುತ್ತೆ.

ಅದಕ್ಕೇ ಸ್ವಂತ ಮನೆ ತಗೊಳ್ಳೋದು ಅಂತ ಅಪ್ಪ ಅಮ್ಮ ತೀರ್ಮಾನ ಮಾಡಿದ್ದರು. ಊರಿನ ಹಳೇ ಭಾಗದ ಈ ಪುಟ್ಟ ಬೀದಿಯಲ್ಲಿ ಎರಡಂತಸ್ತಿನ ಈ ಮನೆ ಸಿಕ್ಕಿತ್ತು. ಹೋದ ವಾರ ನೋಡಿದಾಗ ಅಮ್ಮನಿಗೆ ತುಂಬಾ ಹಿಡಿಸಿತ್ತು. ಮೇಲೆ, ಬೀದಿ ಕಡೆ ಕಿಟಕಿ ಇರೋ ರೂಮು ತನ್ನದು ಅಂತ ಚೂಟಿ ಅವತ್ತೇ ಹೇಳಿಬಿಟ್ಟಿದ್ದಳು.

"ಎಲ್ಲಾ ಸರಿ. ಅಕ್ಕಪಕ್ಕದವರನ್ನ ಒಂದು ಮಾತು ಕೇಳ್ಕೊಂಡು ಬನ್ನಿ," ಅಂತ ಹೇಳಿ ಅಮ್ಮ ಇವತ್ತು ಆಸ್ಪತ್ರೆ ಡ್ಯೂಟಿಗೆ ಹೋಗಿದ್ದಳು. ಅಮ್ಮ ನರ್ಸು. ಮನೆ ಮಾರುವವರು ಬೇರೆ ಊರಲ್ಲಿದ್ದರು. ಬೀಗದ ಕೈ ಕಳಿಸಿದ್ದರು, ಐದು ಗಂಟೆಗೆ ಫೋನ್ ಮಾಡ್ತೀನಿ ಅಂದಿದ್ದರು. ಆಗ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು.

ಅಪ್ಪ ಕೆಲಸದಿಂದ ನೇರವಾಗಿ ಬಂದಿದ್ದ. ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಟೋ ಕಡೆ ಕ್ರೇನ್ ಓಡಿಸೋದು ಅವನ ಕೆಲಸ. ತಲೆ ಮೇಲೆ ಹಳದಿ ಹೆಲ್ಮೆಟ್ಟು, ಕಾಲಿಗೆ ದಪ್ಪ ಬೂಟು, ಕೈಯಲ್ಲಿ ಉದ್ದದ ಟೇಪು. ಬಂದವನೇ ಒಂದು ಗಂಟೆ ಮನೆಯೊಳಗೆ ಅಲ್ಲಿ ಇಲ್ಲಿ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡ. ಆಮೇಲೆ ಎದುರಿನ ದರ್ಜಿ ಅಂಗಡಿಗೆ ಬಂದು ನೀರಿನ ವಿಷಯ ಕೇಳಿದ್ದ.

"ನೀರು ಹೋಗಲಿ, ಗೋಡೆಗಳು ಗಟ್ಟಿ ಇವೆಯಲ್ಲ?" ಅಂತ ಕೇಳಿದ.

"ಗಟ್ಟಿನಾ? ಒರಗಿ ನಿಂತ್ರೆ ಪಕ್ಕದ ಮನೇಲಿ ಬಿದ್ದಿರ್ತೀರಿ!"

ಎದುರಿಗೆ, ಮಾರಾಟದ ಮನೆಯ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರೂ ದನಿ ಸೇರಿಸಿದರು. "ಇಲಿಗಳ ಕಾಟ ಹೇಳಿಲ್ವಲ್ಲಪ್ಪಾ? ಒಂದೊಂದೂ ಬೆಕ್ಕಿನಷ್ಟು ಇದೆ. ಬೆಕ್ಕುಗಳು ಹೆದರಿ ಬೀದಿ ಬಿಟ್ಟಿವೆ. ಈ ಮನೆ ಮಾತ್ರ ಬೇಡ ಸ್ವಾಮೀ!"

ಅಪ್ಪ ಉಸ್ಸಪ್ಪಾ ಅಂತ ಅಂಗಡಿಯ ಕಟ್ಟೆ ಮೇಲೆ ಕೂತುಬಿಟ್ಟ. ಚೂಟಿಗೆ ಅಳು ಬಂತು. ಯಾರೂ ನೋಡಬಾರದು ಅಂತ ಬೀದಿ ದಾಟಿ ಓಡಿದಳು. ಕಾಲು ಎಡವಿತು. ಅಜ್ಜಿಯ ಬಾಗಿಲ ಮುಂದೆಯೇ ದೊಪ್ಪನೆ ಬಿದ್ದಳು. ಮಂಡಿ ತರಚಿ ರಕ್ತ ಬಂತು.

"ಅಯ್ಯಯ್ಯೋ ಕಂದಾ! ಬಾ, ಬಾ ಒಳಗೆ." ಅಜ್ಜಿ ಅವಳನ್ನು ಎಳೆದುಕೊಂಡೇ ಬಚ್ಚಲಿಗೆ ಹೋದರು. ನಲ್ಲಿ ತಿರುಗಿಸಿದರು.

ನೀರು ಭರ್ರನೆ ಬಂತು. ಎಷ್ಟು ಜೋರಾಗಿ ಅಂದರೆ, ಚೂಟಿಯ ಫ್ರಾಕೂ ಅಜ್ಜಿಯ ಸೀರೆಯೂ ಒದ್ದೆ.

ಚೂಟಿ ಮಂಡಿ ಮರೆತಳು. "ಅಜ್ಜೀ, ಈ ನಲ್ಲಿಗೆ ಕೆಮ್ಮು ವಾಸಿ ಆಯ್ತಾ?"

ಅಜ್ಜಿ ಗಡಿಬಿಡಿಯಿಂದ ನಲ್ಲಿ ನಿಲ್ಲಿಸಿದರು. "ಅದೂ... ಇವತ್ತೇನೋ ಬಂದುಬಿಟ್ಟಿದೆ."

"ಇಲ್ಲ! ನೀವೆಲ್ಲ ಸೇರಿ ಸುಳ್ಳು ಹೇಳಿದ್ರಿ! ಅಷ್ಟು ದೊಡ್ಡವರಾಗಿ!" ಚೂಟಿಗೆ ಸಿಟ್ಟೂ ಅಳೂ ಒಟ್ಟಿಗೇ ಬಂತು. "ಯಾಕಜ್ಜೀ? ನಾವೇನು ಮಾಡಿದ್ವಿ ನಿಮಗೆ?"

ಅಜ್ಜಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಿಟಕಿ ತೆರೆದರು. ಆಚೆ ಆಕಾಶ ಇಲ್ಲ, ಬೀದಿ ಇಲ್ಲ. ಕೈಗೆ ಎಟುಕುವಷ್ಟು ಹತ್ತಿರ ದೊಡ್ಡ ಬಿಲ್ಡಿಂಗಿನ ಗೋಡೆ.

"ಇಲ್ಲೂ ಒಂದು ಮನೆ ಇತ್ತು. ನಮ್ಮನೆಯಷ್ಟೇ. ಹೋದ ವರ್ಷ ಹಳದಿ ಹೆಲ್ಮೆಟ್ ಹಾಕ್ಕೊಂಡು ಒಬ್ಬ ಬಂದ. 'ಇಲ್ಲೇ ಇರ್ತೀವಿ ಅಜ್ಜಿ, ನೀರು ಗಾಳಿ ಹೇಗಿದೆ?' ಅಂತ ಬೆಣ್ಣೆ ಹಚ್ಚಿದ ಹಾಗೆ ಮಾತಾಡಿದ. ನಾನು ನಂಬಿ ಹಾಡಿ ಹೊಗಳಿದೆ. ಎಂಟೇ ದಿನಕ್ಕೆ ಮನೆ ಕೆಡವಿ ಇದನ್ನ ಎಬ್ಬಿಸೋಕೆ ಶುರುಮಾಡಿದ. ಈಗ ಮಟಮಟ ಮಧ್ಯಾಹ್ನ ಲೈಟ್ ಹಾಕ್ಕೊಂಡು ಅಡುಗೆ ಮಾಡ್ತೀನಿ." ಅಜ್ಜಿಯ ದನಿ ಸಣ್ಣಗಾಯಿತು. "ಆ ಕಡೆ, ನೀವು ನೋಡೋಕೆ ಬಂದ ಮನೆ ಜಾಗದಲ್ಲೂ ಇಂಥದ್ದು ಎದ್ದರೆ ನಾನು ಬಾವಿಯೊಳಗೆ ಕೂತ ಹಾಗೇ. ಅದಕ್ಕೇ ಬೀದಿಯವರೆಲ್ಲ ಮಾತಾಡ್ಕೊಂಡಿದ್ದೀವಿ. ಈಗಾಗ್ಲೇ ನಾಲ್ಕು ಜನರನ್ನ ಓಡಿಸಿದ್ದೀವಿ, ಗೊತ್ತಾ?"

"ನಮ್ಮಪ್ಪ ಅಂಥವನಲ್ಲ! ಅವನು ಬರೀ ಕ್ರೇನ್ ಓಡಿಸ್ತಾನೆ!"

"ನೋಡು, ನೀನೇ ಹೇಳಿದೆ! ಕ್ರೇನು!" ಅಜ್ಜಿ ತಲೆ ಮೇಲೆ ಕೈ ಹೊತ್ತುಕೊಂಡರು.

ಥೂ, ಕ್ರೇನಿನ ಮಾತು ಯಾಕಾದರೂ ಆಡಿದೆನೋ ಅನ್ನಿಸಿತು ಚೂಟಿಗೆ. ಕುಂಟುತ್ತಾ ಹೊರಗೆ ಓಡಿದಳು. ಅಜ್ಜಿಯೂ ಹಿಂದೆಯೇ ಬಂದರು.

ಅಪ್ಪ ಎದ್ದು ನಿಂತಿದ್ದ. "ಬಾ ಮಗಳೇ, ಹೊರಡೋಣ. ಬೇಡ ಅಂತ ಹೇಳಿಬಿಡ್ತೀನಿ."

"ಹೇಳ್ಬೇಡಪ್ಪಾ! ಒಂದೇ ನಿಮಿಷ!"

ಏನು ಮಾಡೋದು? ತಾನು ಬಾಯಲ್ಲಿ ಏನು ಹೇಳಿದರೂ ಇವರು ನಂಬಲ್ಲ. ಬೆಣ್ಣೆ ಮಾತಿನವನೂ ಹೀಗೇ ಹೇಳಿದ್ದನಂತಲ್ಲ. ಚೂಟಿಯ ಕಣ್ಣು ಅಪ್ಪನ ಜೇಬಿನ ಮೇಲೆ ಬಿತ್ತು. ಅಳತೆ ಬರೆದ ಚೀಟಿಯನ್ನು ಕಿತ್ತುಕೊಂಡು ದರ್ಜಿ ಮಾಮನ ಮೂಗಿನ ಕೆಳಗೇ ಹಿಡಿದಳು. "ಓದಿ ಮಾಮಾ. ಜೋರಾಗಿ ಓದಿ."

ದರ್ಜಿ ಮಾಮ ಕನ್ನಡಕ ಸರಿಮಾಡಿಕೊಂಡರು. "ಮುಂಬಾಗಿಲು, ಒಳಗಿನ ಅಗಲ, ಮೂರಡಿ. ಮೆಟ್ಟಿಲ ತಿರುವು, ಎರಡೂವರೆ ಅಡಿ. ಬೀರು, ಅಡ್ಡ ಮಲಗಿಸಿದರೆ ಹತ್ತಿಸಬಹುದು." ಅವರ ಓದು ನಿಧಾನವಾಯಿತು. "ಚೂಟಿ ಟೇಬಲ್, ಕಾಲು ಬಿಚ್ಚಬೇಕು."

ಓದು ಮುಗಿದ ಮೇಲೂ ಅವರು ಚೀಟಿಯನ್ನೇ ನೋಡುತ್ತಿದ್ದರು.

"ಅಮ್ಮಾ," ಅಂತ ಅಜ್ಜಿ ಕಡೆ ತಿರುಗಿದರು. "ನಾನು ನಲವತ್ತು ವರ್ಷದಿಂದ ಟೇಪು ಹಿಡಿದವನು. ಕೆಡವೋರು ನೆಲ ಅಳೀತಾರೆ. ರಸ್ತೆಯಿಂದ ಹಿಂದಿನ ಗೋಡೆವರೆಗೆ. ಅವತ್ತು ಬಂದವನು ಮನೆಯೊಳಗೆ ಕಾಲೇ ಇಡಲಿಲ್ಲ. ಇವರು ನೋಡಿ, ಟೇಬಲ್ಲಿನ ಕಾಲು ಬಿಚ್ಚೋ ಯೋಚನೇಲಿದ್ದಾರೆ."

"ಏನಾಗ್ತಿದೆ ಇಲ್ಲಿ?" ಅಂದ ಅಪ್ಪ.

ಚೂಟಿ ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟಳು. ಅಪ್ಪ ಹೆಲ್ಮೆಟ್ ತೆಗೆದು ಅದನ್ನೇ ದಿಟ್ಟಿಸಿದ. "ಅಯ್ಯೋ ದೇವರೇ! ಇದನ್ನ ಹಾಕ್ಕೊಂಡಿದ್ದೀನಿ ಅನ್ನೋದೇ ಮರೆತುಹೋಗಿತ್ತು," ಅಂದ.

ದರ್ಜಿ ಮಾಮ ಸುಮ್ಮನೆ ಕತ್ತರಿಯನ್ನು ಅಲ್ಲಿಂದ ತೆಗೆದು ಇಲ್ಲಿಟ್ಟರು.

ಕೊನೆಗೆ ಅಜ್ಜಿ ಗಂಟಲು ಸರಿಮಾಡಿಕೊಂಡರು. "ಮಳೆ ಬಂದ್ರೆ ಆ ಮನೆ ಅಡುಗೆಮನೆ ಮೂಲೆ ಸೋರುತ್ತೆ ಕಣಪ್ಪಾ. ಇದು ನಿಜ. ಬಕೆಟ್ ಇಡಬೇಕು."

"ಮೇಲಿನ ರೂಮಿನ ಕಿಟಕಿ ಸುಲಭಕ್ಕೆ ಮುಚ್ಚಲ್ಲ," ಅಂದರು ದರ್ಜಿ ಮಾಮ. "ಸ್ವಲ್ಪ ಮೇಲಕ್ಕೆತ್ತಿ ತಳ್ಳಬೇಕು. ನಾನು ತೋರಿಸಿಕೊಡ್ತೀನಿ."

"ಫ್ಯೂಸ್ ಪದೇ ಪದೇ ಹೋಗುತ್ತೆ," ಅಂದರು ಅಜ್ಜಿ. " ಗಾಬರಿಯಾಗಬೇಡಿ, ಗೋಡೆ ತಟ್ಟಿ. ನನ್ನ ಹತ್ರ ಏಣಿ ಇದೆ."

"ಅಯ್ಯೋ, ಇನ್ನೂ ಇದೆಯಾ?" ಅಪ್ಪ ಗಾಬರಿಯಿಂದ ಚೂಟಿಯ ಮುಖ ನೋಡಿದ.

ಚೂಟಿಗೆ ಮಾತ್ರ ಒಂಚೂರೂ ಭಯ ಆಗಲಿಲ್ಲ. ಓಡಿಸೋಕೆ ನೋಡಿದಾಗಲೂ ಇವರಿಬ್ಬರೂ ಬೇಕಾದಷ್ಟು ದೂರು ಹೇಳಿದ್ದರು. ಆದರೆ ಅದಕ್ಕೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ಆಗ ಒಂದು ಮಾತೂ ಹೇಳಿರಲಿಲ್ಲ.

ಅಪ್ಪನ ಫೋನು ರಿಂಗಾಯಿತು. ಐದು ಗಂಟೆ. ಮನೆ ಮಾರುವವರೇ.

ಚೂಟಿ ಅತ್ತ ನೋಡಲೂ ಇಲ್ಲ. ಅವಳು ಅಜ್ಜಿಯ ಪಕ್ಕಕ್ಕೆ ಹೋಗಿ ನಿಂತಳು.

"ಬಕೆಟ್ಟು ದೊಡ್ಡದು ಬೇಕಾ ಅಜ್ಜಿ, ಚಿಕ್ಕದು ಸಾಕಾ?"