ಹತ್ತನೇ ಕಂತಿನಲ್ಲಿ ಓಡಿದ ಹುಡುಗ

"ಈ ತೋಳು ಯಾರದು?"

ಕಟಿಂಗ್ ಮಾಸ್ಟರ್ ಅಂಗಡಿಯ ಫೋನನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟ. ಚೂಟಿಯ ಕಾಲು ಪೆಡಲಿನ ಮೇಲೇ ನಿಂತುಹೋಯಿತು.

ಗಿರಾಕಿಯೊಬ್ಬರ ಅಂಗಿಯ ಅಳತೆ ಹುಡುಕಲು ಅವನು ನೋಟ್ಸ್ ಆ್ಯಪಿನಲ್ಲಿ 'ತೋಳು' ಎಂದು ಹಾಕಿದ್ದ. ಅಳತೆ ಬಂತು. ಅದರ ಕೆಳಗೆ ಇನ್ನೊಂದೂ ಬಂತು. 'ನಾಯಕ: ಎಡ ತೋಳಿನ ಮೇಲೆ ಇಸ್ತ್ರಿ ಸುಟ್ಟ ಕಲೆ.'

ಅವನು ಬೇಕೆಂದೇ ತನ್ನ ಅಂಗಿಯ ಎಡ ತೋಳು ಮಡಚಿ ತೋರಿಸಿದ. ಅದೇ ಸುಟ್ಟ ಕಲೆ.

ಚೂಟಿ ಕಥೆಯ ಆ್ಯಪಿನಲ್ಲಿ ಧಾರಾವಾಹಿ ಬರೆಯುತ್ತಾಳೆಂದು ಅವನಿಗೆ ಗೊತ್ತಿತ್ತು. ಗಿರಾಕಿಗಳ ಅಳತೆಗೂ ಕಥೆಯ ಟಿಪ್ಪಣಿಗೂ ಒಂದೇ ನೋಟ್ಸ್ ಆ್ಯಪ್ ಸಾಕೆಂದು, ಅಂಗಡಿಯ ಫೋನಿಗೂ ತನ್ನ ಫೋನಿಗೂ ಅದನ್ನು ಜೋಡಿಸಿದವಳು ಅವಳೇ. ಜಾಣೆ ನೋಡಿ...

"ಕಲೆ ಬಿಡು. ಕೆಳಗಿಂದು ಓದು."

ಓದಿದಳು.

'ಶಾಲೆಯ ಗೇಟಿಗೆ ಊಟದ ಡಬ್ಬಿ ತಂದ ಅಪ್ಪ. ಮೈತುಂಬ ಸಿಮೆಂಟು. ಯಾರೋ ಇವರು ಅಂತ ಗೆಳೆಯರು ಕೇಳಿದರು. ಹುಡುಗ ಗೊತ್ತಿಲ್ಲ ಅಂದು ನಕ್ಕ. ಹತ್ತನೇ ಕಂತಿಗೆ ತುಂಬಾ ಒಳ್ಳೆಯದು.'

ಒಳ್ಳೆಯದಂತೆ. ಥೂ...

ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಮುಖ ತಿರುಗಿಸಿಕೊಂಡು ಅವನು ತನ್ನ ಬಾಲ್ಯದ ಈ ಗುಟ್ಟನ್ನು ಹೇಳಿದ್ದ. ಅವಳು ಅವನ ಕೈ ಹಿಡಿದಿದ್ದಳು. ಅದೇ ಕೈಯಲ್ಲಿ, ಮನೆಗೆ ಹೋಗುವ ಬಸ್ಸಿನಲ್ಲಿ ಟೈಪು ಮಾಡಿದ್ದಳು. ಮರೆತುಹೋಗಬಾರದಲ್ಲ, ಅದಕ್ಕೆ.

"ಕೈ ಹಿಡ್ಕೊಂಡಿದ್ದು ಇದಕ್ಕೇನಾ?"

"ಅಲ್ಲ ಮಾಸ್ಟ್ರೇ..."

ಒಳಗಿನಿಂದ ಅಂಗಡಿಯ ಯಜಮಾನಿ ಕೂಗಿದಳು. "ಏನ್ರೋ, ಮಿಷನ್ ನಿಂತಿದೆ, ಬಾಯಿ ಓಡ್ತಿದೆ?"

"ದಾರ ತುಂಡಾಯ್ತಕ್ಕ," ಅಂದ ಅವನು.

ಇಷ್ಟಾದರೂ ಅವಳನ್ನು ಬಿಟ್ಟುಕೊಡಲಿಲ್ಲ. ಚೂಟಿಗೆ ನೆಲ ಬಿರಿದು ಒಳಗೆ ಸೇರಿಕೊಂಡರೆ ಸಾಕೆನಿಸಿತು.

"ಕಂತು ಇನ್ನೂ ಹಾಕಿಲ್ಲ. ಈಗ್ಲೇ ಅಳಿಸ್ತೀನಿ."

"ಅಳಿಸೋದು ಆಮೇಲೆ. ನೀನು ಅಲ್ಲೇ ಬರೆದಿಟ್ಟ ಕಂತನ್ನೂ ಓದ್ದೆ. ಅದ್ರಲ್ಲಿ ಹುಡುಗ ಅಪ್ಪನ ಹಿಂದೆ ಓಡ್ತಾನೆ. ಕಾಲು ಹಿಡ್ಕೊಂಡು ಅಳ್ತಾನೆ." ಅವನು ಫೋನನ್ನು ಅವಳತ್ತ ತಳ್ಳಿದ. "ನಾನು ಓಡ್ಲಿಲ್ಲ ಕಣೇ. ನಗ್ತಾ ನಿಂತಿದ್ದೆ. ಮತ್ತೆ ಯಾಕೆ ಓಡಿಸ್ದೆ?"

ಓದುಗರಿಗೆ ಇಷ್ಟವಾಗಲಿ ಅಂತ... ನಾಲಿಗೆಯ ತುದಿಗೆ ಬಂದ ಸುಳ್ಳನ್ನು ಅವಳು ನುಂಗಿದಳು.

"ನಕ್ಕವನನ್ನ ಪ್ರೀತಿಸೋಕೆ ಭಯ ಆಯ್ತು. ಅದಕ್ಕೆ ಕಥೆಯಲ್ಲಿ ನಿಮ್ಮನ್ನ ತೊಳೆದು ಇಟ್ಕೊಂಡೆ."

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಪ್ರೀತಿ ಅಂದೆ ಈಗ."

"ಅಂದೆ."

"ಯಾರನ್ನ? ಓಡಿದವನು ನಿನ್ ಫೋನಲ್ಲಿದಾನೆ. ದಿನಾ ನಿನ್ ಪಕ್ಕ ಬಟ್ಟೆ ಕತ್ತರಿಸೋನು ನಕ್ಕವನೇ, ಚೂಟಿ."

"ಅವನನ್ನೇ." ಅವಳ ಕಣ್ಣು ತುಂಬಿತ್ತು, ಆದರೂ ತಲೆ ತಗ್ಗಿಸಲಿಲ್ಲ. "ಹತ್ತನೇ ಕಂತು ಬರಲ್ಲ. ಧಾರಾವಾಹಿ ನಿಂತ್ರೆ ನಿಲ್ಲಲಿ."

"ಓದೋರು ಬೈತಾರೆ."

"ಬೈಲಿ. ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ."

ಅವನು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ.

"ಕೋಪ ಹೋಯ್ತಾ?" ಪಿಸುಗುಟ್ಟಿದಳು.

"ಇಲ್ಲ."

"ಮತ್ತೆ ಇಲ್ಲಿ ಬಂದು ಕೂತ್ರಿ?"

"ನಿನ್ ಮೇಲೆ ದೂರದಿಂದ ಕೋಪ ಮಾಡ್ಕೊಳ್ಳೋಕೆ ನಂಗೆ ಬರಲ್ಲ."